ಓದುಗರ ಪ್ರಶ್ನೆ: ಜ್ವರ ಬಿಟ್ಟ ಮೇಲೂ ಮಾತ್ರೆ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಮಳೆಗಾಲದ ಜ್ವರದ್ದೇ. ಉತ್ತರಕ್ಕೆ ಮೊದಲು ಒಂದು ಸಣ್ಣ ತಕರಾರು ಉಂಟು. ನೀವು ಮಾತ್ರೆಯ ಹೆಸರು ಬರೆಯುತ್ತೀರಿ, ರಿಪೋರ್ಟಿನ ಫೋಟೊ ಕಳಿಸುತ್ತೀರಿ. ಆದರೆ ವಯಸ್ಸು ಎಷ್ಟು, ಕೆಲಸ ಏನು, ಜ್ವರ ಶುರುವಾಗಿ ಎಷ್ಟು ದಿನ ಆಯ್ತು, ಮನೆ ಎಲ್ಲಿ, ಇದನ್ನೆಲ್ಲ ಬಿಟ್ಟೇ ಬಿಡುತ್ತೀರಿ. ನಮಗೆ ಬೇಕಾದ್ದು ಅದೇ ಮಾರಾಯ್ರೆ. ಕಾಯಿಲೆ ಯಾವುದು ಅಂತ ಅಂದಾಜು ಮಾಡುವುದರಲ್ಲಿ ಅರ್ಧ ಕೆಲಸ ಆಗುವುದು ಅಲ್ಲೇ. ಸರಿಯಾಗಿ ಬರೆದವರ ಪ್ರಶ್ನೆಗಳನ್ನು ಆರಿಸಿದ್ದೇನೆ.

ಪ್ರ: ನಮ್ಮದು ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟ್. ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿದೆ. ಜೂನ್‌ನಲ್ಲಿ ನನ್ನ ಗಂಡನಿಗೆ (42 ವರ್ಷ) ಮಲೇರಿಯಾ ಬಂತು, ವೈವಾಕ್ಸ್ ಅಂದರು. ಮಾತ್ರೆ ತಗೊಂಡು ಮೂರು ದಿನದಲ್ಲಿ ಜ್ವರ ಬಿಟ್ಟಿತು. 14 ದಿನ ತಗೊಳ್ಳಿ ಅಂತ ಇನ್ನೊಂದು ಮಾತ್ರೆ ಕೊಟ್ಟಿದ್ದರು, ಹೊಟ್ಟೆ ಉರಿ ಅಂತ ನಾಲ್ಕೈದು ದಿನಕ್ಕೆ ಬಿಟ್ಟರು. ಈಗ ಆಗಸ್ಟ್ ಕೊನೆಗೆ ಮತ್ತೆ ಅದೇ ಚಳಿಜ್ವರ. ಮನೆಯಲ್ಲಿ ಸೊಳ್ಳೆ ಪರದೆ ಇದೆ. ಮತ್ತೆ ಹೇಗೆ ಬಂತು?

ಉ: ಹೊಸ ಸೊಳ್ಳೆ ಕಚ್ಚಿರಲೂಬಹುದು. ಆದರೆ ನೀವು ಬರೆದದ್ದನ್ನು ಓದಿದರೆ ಹಳೆಯ ಮಲೇರಿಯಾವೇ ಎದ್ದು ಬಂದ ಹಾಗೆ ಕಾಣುತ್ತದೆ.

ವೈವಾಕ್ಸ್ ಮಲೇರಿಯಾದ ರೋಗಾಣು ಎರಡು ಕಡೆ ಇರುತ್ತದೆ, ರಕ್ತದಲ್ಲಿ ಒಂದಷ್ಟು, ಲಿವರಿನಲ್ಲಿ ಒಂದಷ್ಟು. ಚಳಿ, ನಡುಕ, ಜ್ವರ ಬರಿಸುವುದು ರಕ್ತದಲ್ಲಿರುವುದು. ಮೊದಲ ಮೂರು ದಿನ ಕೊಡುವ ಕ್ಲೋರೋಕ್ವಿನ್ ಕೊಲ್ಲುವುದು ಅದನ್ನು. ಹಾಗಾಗಿ ಜ್ವರ ಬಿಡುತ್ತದೆ, ರಕ್ತ ನೋಡಿದರೂ ಏನೂ ಕಾಣುವುದಿಲ್ಲ, ಮನೆಯವರೆಲ್ಲ ವಾಸಿಯಾಯ್ತು ಅಂದುಕೊಳ್ಳುತ್ತಾರೆ. ಲಿವರಿನಲ್ಲಿ ಇರುವುದು ಮಾತ್ರ, ಬೇಸಿಗೆಯಲ್ಲಿ ಮಣ್ಣಿನಡಿ ಸುಮ್ಮನಿದ್ದು ಮಳೆ ಬಿದ್ದ ಕೂಡಲೇ ಚಿಗುರುವ ಕೆಸುವಿನ ಗಡ್ಡೆಯ ಹಾಗೆ, ಅಲ್ಲೇ ಮಲಗಿರುತ್ತದೆ. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಎದ್ದು ರಕ್ತಕ್ಕೆ ಇಳಿಯುತ್ತದೆ. ಮತ್ತೆ ಚಳಿಜ್ವರ. ಆ 14 ದಿನದ ಮಾತ್ರೆ, ಅಂದರೆ ಪ್ರೈಮಾಕ್ವಿನ್, ಕೊಟ್ಟದ್ದು ಈ ಮಲಗಿರುವುದನ್ನು ಕೊಲ್ಲಲಿಕ್ಕೆ. ಜ್ವರ ಬಿಟ್ಟ ಮೇಲೂ ಯಾಕೆ ಅಂತ ಹೇಳಿ ಕೊಟ್ಟಿದ್ದರೆ ನಿಮ್ಮ ಯಜಮಾನರು ಬಿಡುತ್ತಿರಲಿಲ್ಲವೇನೋ. ಇದು ನಮ್ಮ ಡಾಕ್ಟರುಗಳದ್ದೇ ತಪ್ಪು. ಚೀಟಿ ಬರೆಯುವುದು ಬೇಗ, ಕಾರಣ ಹೇಳಲಿಕ್ಕೆ ಪುರುಸೊತ್ತಿಲ್ಲ.

ಹೊಟ್ಟೆ ಉರಿಗೆ ಉಪಾಯ ಸುಲಭ. ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತಗೊಳ್ಳಬಾರದು, ಊಟ ಆದ ಮೇಲೆ ತಗೊಳ್ಳಬೇಕು. ಆದರೆ ಮನೆಯಲ್ಲಿ ಉಳಿದಿರುವ ಮಾತ್ರೆಯನ್ನು ಈಗ ನೀವೇ ಶುರು ಮಾಡಬೇಡಿ. ಮೊದಲು ರಕ್ತ ಪರೀಕ್ಷೆ ಆಗಲಿ, ಮಲೇರಿಯಾ ಹೌದಾ, ಯಾವ ಜಾತಿಯದ್ದು ಅಂತ ಗೊತ್ತಾಗಲಿ. ಇನ್ನೊಂದು ವಿಷಯ ಉಂಟು. ಜಿ6ಪಿಡಿ ಅಂತ ಒಂದು ಕಿಣ್ವ ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಅದನ್ನೂ ಪರೀಕ್ಷೆ ಮಾಡಿಸಬಹುದಾ ಅಂತ ಡಾಕ್ಟರಲ್ಲಿ ಕೇಳಿ. ಮಾತ್ರೆ ತಗೊಳ್ಳುವಾಗ ಮೂತ್ರ ಕಟ್ಟಾ ಚಹಾದ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ, ಅವತ್ತೇ ಡಾಕ್ಟರನ್ನು ನೋಡಿ. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವುದಿಲ್ಲ.

ಪಕ್ಕದ ಕಟ್ಟಡದ ವಿಷಯ. ಮಂಗಳೂರಿನಲ್ಲಿ ಮಲೇರಿಯಾ ಜೋರಾದದ್ದು 1990ರ ದಶಕದಿಂದ, ಊರಿಡೀ ಕಟ್ಟಡ ಏಳಲು ಶುರುವಾದ ಮೇಲೆ. ಈಚೆಗೆ ತುಂಬಾ ಇಳಿದಿದೆ, ಆದರೆ ಹೋಗಿಲ್ಲ. ಇಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಚರಂಡಿಯ ಕೊಳಕು ನೀರು ಬೇಡ. ಮುಚ್ಚಳ ಸರಿಯಿಲ್ಲದ ಓವರ್‌ಹೆಡ್ ಟ್ಯಾಂಕ್, ಸ್ಲ್ಯಾಬ್ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಬಳಸದ ಬಾವಿ, ಇಂಥ ಚೊಕ್ಕ ನೀರೇ ಬೇಕು. ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಅನ್ನುವುದು. ನಿಮ್ಮ ಫ್ಲ್ಯಾಟಿನ ಅಸೋಸಿಯೇಶನ್‌ನವರು ಪಾರ್ಕಿಂಗ್ ಜಗಳದ ನಡುವೆ ಒಮ್ಮೆ ತಾರಸಿ ಹತ್ತಿ ಟ್ಯಾಂಕಿನ ಮುಚ್ಚಳ ನೋಡಲಿ. ಪಕ್ಕದ ಸೈಟಿನಲ್ಲಿ ನೀರು ನಿಂತಿದ್ದರೆ ಪಾಲಿಕೆಗೆ ದೂರು ಕೊಡಿ.

ಪ್ರ: ನನ್ನ ಅಪ್ಪನಿಗೆ 61. ಬ್ರಹ್ಮಾವರದ ಹತ್ತಿರ ಗದ್ದೆ ಇದೆ, ಈಗಲೂ ಸ್ವತಃ ಇಳಿಯುತ್ತಾರೆ. ಮೂರು ದಿನದಿಂದ ಜ್ವರ, ಮೈಕೈ ನೋವು. ಮೆಡಿಕಲ್‌ನಿಂದ ಮಾತ್ರೆ ತಂದು ಕೊಟ್ಟಿದ್ದೇವೆ. ಕಣ್ಣು ಸ್ವಲ್ಪ ಕೆಂಪಾಗಿದೆ. ಇಲಿ ಜ್ವರಕ್ಕೆ ಕಾಮಾಲೆ ಬರಬೇಕಂತೆ, ಇವರಿಗೆ ಬಂದಿಲ್ಲ. ಕಾಯಬಹುದಾ?

ಉ: ಕಾಯಬೇಡಿ. ನಿಮಗೆ ಪತ್ರಿಕೆಗಿಂತ ಮೊದಲೇ ಉತ್ತರ ಕಳಿಸಿದ್ದೇನೆ, ಉಳಿದವರಿಗೆ ಗೊತ್ತಾಗಲಿ ಅಂತ ಇಲ್ಲಿ ಹಾಕಿದ್ದೇನೆ.

ಗದ್ದೆ, ಮಳೆ, ಜ್ವರ, ಕೆಂಪು ಕಣ್ಣು. ಈ ನಾಲ್ಕು ಒಟ್ಟಿಗೆ ಕೇಳಿದರೆ ಕರಾವಳಿಯ ಯಾವ ಡಾಕ್ಟರಿಗೂ ಇಲಿ ಜ್ವರ ನೆನಪಾಗಬೇಕು. ಅದರ ಜೊತೆ ಮೀನಖಂಡದಲ್ಲಿ ಮುಟ್ಟಲಿಕ್ಕಾಗದಷ್ಟು ನೋವಿದ್ದರೆ ಸಂಶಯ ಇನ್ನೂ ಜಾಸ್ತಿ. ಇಲಿ, ಹೆಗ್ಗಣ, ದನಗಳ ಮೂತ್ರದಿಂದ ರೋಗಾಣು ನೀರಿಗೆ, ಕೆಸರಿಗೆ ಸೇರುತ್ತದೆ. ಕಾಲಿನ ಗಾಯ ಅಥವಾ ಒಡೆದ ಹಿಮ್ಮಡಿಯ ಮೂಲಕ ಮೈಯೊಳಗೆ ಹೋಗುತ್ತದೆ. ಕಾಮಾಲೆ ಎಲ್ಲರಿಗೂ ಬರುವುದಿಲ್ಲ. ಬಂತು ಅಂದರೆ ಲಿವರಿಗೆ ಈಗಾಗಲೇ ಏಟು ಬಿದ್ದಿದೆ ಅಂತ ಅರ್ಥ. ಮೂತ್ರ ಕಡಿಮೆಯಾದರೆ ಕಿಡ್ನಿಗೆ, ಉಸಿರು ಕಟ್ಟಿದರೆ, ಕೆಮ್ಮಿದಾಗ ರಕ್ತ ಬಂದರೆ ಶ್ವಾಸಕೋಶಕ್ಕೆ. ಶುರುವಿನಲ್ಲೇ ಹೋದರೆ ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗುವ ಕಾಯಿಲೆ ಇದು. ತಡ ಮಾಡಿದರೆ ಐಸಿಯು, ಡಯಾಲಿಸಿಸ್ ತನಕ ಹೋಗುತ್ತದೆ.

ಆಸ್ಪತ್ರೆಗೆ ಹೋದಾಗ ಬರೀ 'ಜ್ವರ' ಅನ್ನಬೇಡಿ. 'ಗದ್ದೆಗೆ ಇಳಿಯುತ್ತಾರೆ, ಕಾಲಲ್ಲಿ ಗಾಯ ಇತ್ತು' ಅಂತ ಮೊದಲ ವಾಕ್ಯದಲ್ಲೇ ಹೇಳಿ. ಇನ್ನೊಂದು ಮಾತು, ಮಳೆಗಾಲದ ಜ್ವರಕ್ಕೆ ಮೆಡಿಕಲ್‌ನಿಂದ ಪೇನ್ ಕಿಲ್ಲರ್ ಇಂಜೆಕ್ಷನ್, ಬ್ರೂಫೆನ್, ಡಿಕ್ಲೊಫೆನಾಕ್ ಅಂತ ಕೇಳಿ ತಗೊಳ್ಳಬೇಡಿ. ಇಲಿ ಜ್ವರವಾದರೆ ಕಿಡ್ನಿಗೆ, ಡೆಂಗಿಯಾದರೆ ರಕ್ತಸ್ರಾವಕ್ಕೆ ದಾರಿ. ಡಾಕ್ಟರನ್ನು ಕಾಣುವ ತನಕ ಪ್ಯಾರಾಸಿಟಮಾಲ್ ಮಾತ್ರ ಸಾಕು, ಅದೂ ಪ್ಯಾಕೆಟಿನಲ್ಲಿ ಬರೆದಷ್ಟೇ. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಒಟ್ಟಿಗೆ ನುಂಗಿ ಲೆಕ್ಕ ತಪ್ಪಬೇಡಿ. ಮತ್ತೆ ಗದ್ದೆಗೆ ಇಳಿಯುವಾಗ ಗಮ್‌ಬೂಟ್. ಕೆಸರಲ್ಲಿ ಬೂಟ್ ಹಾಕಿ ನಡೆಯಲಿಕ್ಕೆ ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ಕನಿಷ್ಠ ಗಾಯ ಇದ್ದ ದಿನ ಇಳಿಯಬೇಡಿ ಅಂತ ಅಪ್ಪನಿಗೆ ಹೇಳಿ. ಕೇಳುತ್ತಾರಾ, ಅದು ಬೇರೆ ಮಾತು.

ಪ್ರ: ವಯಸ್ಸು 34, ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ. ಏನೂ ತೊಂದರೆ ಇಲ್ಲ. ಆಫರ್ ಇತ್ತು ಅಂತ ಫುಲ್ ಬಾಡಿ ಚೆಕಪ್ ಮಾಡಿಸಿದೆ. ಎಪ್ಪತ್ತು ಚಿಲ್ಲರೆ ಟೆಸ್ಟ್, ಅದರಲ್ಲಿ ಆರು ಕೆಂಪು ಅಕ್ಷರದಲ್ಲಿ ಬಂದಿವೆ: ಇಎಸ್‌ಆರ್, ಇಯೊಸಿನೊಫಿಲ್, ಯೂರಿಕ್ ಆಸಿಡ್ 7.4, ವಿಟಮಿನ್ ಡಿ ಕಡಿಮೆ, ಇನ್ನೆರಡು ಅರ್ಥವೇ ಆಗುವುದಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.

ಉ: ಏನೂ ತೊಂದರೆ ಇಲ್ಲದವರಿಗೆ ದುಡ್ಡು ಕೊಟ್ಟು ನಿದ್ದೆ ಕಳಕೊಳ್ಳುವ ಆಫರ್ ಅದು.

ರಿಪೋರ್ಟಿನ ಬಲಗಡೆ 'ನಾರ್ಮಲ್' ಅಂತ ಒಂದು ಅಳತೆ ಕೊಟ್ಟಿರುತ್ತಾರಲ್ಲ, ಅದನ್ನು ಹೇಗೆ ಮಾಡುತ್ತಾರೆ ಗೊತ್ತಾ? ಆರೋಗ್ಯವಾಗಿರುವ ತುಂಬಾ ಜನರ ರಕ್ತ ಪರೀಕ್ಷೆ ಮಾಡಿ, ಮಧ್ಯದ ಶೇಕಡಾ 95 ಮಂದಿ ಎಲ್ಲಿಂದ ಎಲ್ಲಿ ತನಕ ಇದ್ದಾರೋ ಅದನ್ನು 'ನಾರ್ಮಲ್' ಅನ್ನುತ್ತಾರೆ. ಹೆಚ್ಚಿನ ಪರೀಕ್ಷೆಗಳದ್ದು ಹೀಗೆ. ಅಂದರೆ ಪೂರ್ತಿ ಆರೋಗ್ಯವಂತರಲ್ಲೇ ನೂರಕ್ಕೆ ಐದು ಜನ ಆ ಗೆರೆಯ ಹೊರಗೆ ಇದ್ದೇ ಇರುತ್ತಾರೆ. ಅದು ಒಂದು ಟೆಸ್ಟಿನ ಮಾತು. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದರೆ ಆರೋಗ್ಯವಂತನಿಗೂ ಒಂದಾದರೂ ಕೆಂಪು ಬರುವ ಸಂಭವ ಶೇಕಡಾ 64. ನೀವು ಮಾಡಿಸಿದ್ದು ಎಪ್ಪತ್ತು! ಒಂದೂ ಕೆಂಪು ಇರದಿದ್ದರೆ ನಾನು ಆಶ್ಚರ್ಯ ಪಡುತ್ತಿದ್ದೆ.

ಹಾಗಂತ ಎಲ್ಲಾ ನಂಬರೂ ಹೀಗಲ್ಲ. ಶುಗರ್, ಕೊಲೆಸ್ಟ್ರಾಲ್, ಬಿಪಿಯ ಗೆರೆಗಳನ್ನು ಎಳೆದದ್ದು ಬೇರೆ ರೀತಿಯಲ್ಲಿ, ಯಾವ ಮಟ್ಟ ದಾಟಿದರೆ ಕಣ್ಣು, ಕಿಡ್ನಿ, ಹೃದಯಕ್ಕೆ ಅಪಾಯ ಏರುತ್ತದೆ ಅಂತ ನೋಡಿ. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಮೇಲೆ, ಇಲ್ಲವೇ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) 6.5 ಅಥವಾ ಮೇಲೆ ಇದ್ದರೆ ಅದನ್ನು ಸುಮ್ನೆ ಬಿಡುವ ಹಾಗಿಲ್ಲ. ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು. ನಿಮ್ಮ ಕೆಂಪು ಪಟ್ಟಿಯಲ್ಲಿ ಇವು ಇಲ್ಲ.

ಇರುವುದರ ಬಗ್ಗೆ: ಇಎಸ್‌ಆರ್ ಅಂದರೆ ಮೈಯಲ್ಲಿ ಎಲ್ಲಾದರೂ ಉರಿಯೂತ ಇದೆಯಾ ಅಂತ ಸೂಚಿಸುವ ಟೆಸ್ಟ್, ಶೀತ ಆದರೂ ಏರುತ್ತದೆ. ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಅಲರ್ಜಿಗೆ, ಹುಳದ ಬಾಧೆಗೆ ಏರುತ್ತದೆ. ಸ್ವಲ್ಪ ಏರಿದ್ದು ನಮ್ಮ ಕಡೆ ಮಾಮೂಲು. ಯೂರಿಕ್ ಆಸಿಡ್ 7.4 ಇದ್ದು ಗಂಟು ನೋವಾಗಲಿ ಕಿಡ್ನಿ ಕಲ್ಲಾಗಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಮಾತ್ರೆ ಬೇಡ. ನೀರು ಚೆನ್ನಾಗಿ ಕುಡಿಯಿರಿ, ಬಿಯರ್ ಇದ್ದರೆ ಕಡಿಮೆ ಮಾಡಿ. ವಿಟಮಿನ್ ಡಿಗೆ 60,000 ಯೂನಿಟಿನ ಪುಡಿ ಅಥವಾ ಕ್ಯಾಪ್ಸುಲ್ ಬರೆದು ಕೊಟ್ಟಾರು, ಅದು ಸಾಮಾನ್ಯವಾಗಿ ವಾರಕ್ಕೆ ಒಂದು. ದಿನಾ ಒಂದರಂತೆ ತಿಂದವರು ಇದ್ದಾರೆ, ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡುತ್ತದೆ. ಅರ್ಥವಾಗದ ಆ ಎರಡು ನಿಮ್ಮ ಡಾಕ್ಟರಿಗೂ ಬೇಕಾದ್ದಲ್ಲ, ನನ್ನ ಅಂದಾಜು. ಆದರೂ ರಿಪೋರ್ಟನ್ನು ಒಮ್ಮೆ ಅವರಿಗೆ ತೋರಿಸಿ, ಗೂಗಲ್‌ಗೆ ಬೇಡ.

ಹಾಗಾದರೆ 30 ದಾಟಿದವರು ಏನು ನೋಡಿಸಿಕೊಳ್ಳಬೇಕು? ಬಿಪಿ. ಶುಗರ್. ಸೊಂಟದ ಸುತ್ತಳತೆ, ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗೆ ಇದ್ದರೆ ಒಳ್ಳೆಯದು. ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ ಅಂತ ಒಂದು ನೋಟ. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರು ಇದನ್ನು ಬಿಡಲೇಬಾರದು. ಹೆಂಗಸರಿಗೆ ಸ್ತನ ಮತ್ತು ಗರ್ಭಕೋಶದ ಕಂಠದ ಕ್ಯಾನ್ಸರ್ ತಪಾಸಣೆ. 30 ದಾಟಿದವರಿಗೆ ಇಷ್ಟನ್ನೂ ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲೇ ಸೇರಿಸಿದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಆಗುತ್ತದೆ. ಪ್ಯಾಕೇಜಿನಲ್ಲಿ 'ಕ್ಯಾನ್ಸರ್ ಮಾರ್ಕರ್' ಅಂತ ಸೇರಿಸಿ ಮಾರುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸಿಇಎ, ಸಿಎ 125 ಎಲ್ಲ ಏನೂ ಲಕ್ಷಣ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕಲಿಕ್ಕೆ ಇರುವ ಪರೀಕ್ಷೆಗಳಲ್ಲ.

ಪ್ರ: ನನ್ನ ಗಂಡ ಮಲ್ಪೆಯಿಂದ ಬೋಟಿಗೆ ಹೋಗುವವರು, ವಯಸ್ಸು 48. ಬಿಪಿ ಮಾತ್ರೆ ಇದೆ. ಜೂನ್-ಜುಲೈ ರಜೆಯಲ್ಲಿ ಮನೆಯಲ್ಲಿದ್ದಾಗ ಸರಿಯಾಗಿ ತಗೊಂಡರು, ಚೆಕ್ ಮಾಡಿಸಿದಾಗ 128/82. 'ನಾರ್ಮಲ್ ಬಂತಲ್ಲ' ಅಂತ ಆಗಸ್ಟ್‌ನಿಂದ ಮಾತ್ರೆ ಬಿಟ್ಟಿದ್ದಾರೆ. ತಲೆನೋವು ಕೂಡ ಇಲ್ಲವಂತೆ.

ಉ: ಅಕ್ಕಾ, ನಾರ್ಮಲ್ ಬಂದದ್ದು ಮಾತ್ರೆಯಿಂದ. ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅದರ ಅರ್ಥ, ಬಿಪಿ ಹೋಯಿತು ಅಂತ ಅಲ್ಲ. ತಲೆನೋವನ್ನು ನಂಬಬೇಡಿ. 170 ಇದ್ದವರೂ ಆರಾಮಾಗಿ ಬಲೆ ಎಳೆಯುತ್ತಾರೆ. ಬಿಪಿ ಸಾಮಾನ್ಯವಾಗಿ ಏನೂ ಹೇಳದೆ ಇದ್ದು, ಒಂದು ದಿನ ಪಾರ್ಶ್ವವಾಯು ಅಥವಾ ಹಾರ್ಟ್ ಅಟ್ಯಾಕ್ ಆಗಿ ಬರುತ್ತದೆ. ಅದೂ ದಡದಿಂದ ಎಷ್ಟೋ ದೂರ, ನಡು ಸಮುದ್ರದಲ್ಲಿ ಆದರೆ? ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲೆ ಹಾರುವುದೂ ಉಂಟು.

ಈ ಸಲ ದಡಕ್ಕೆ ಬಂದಾಗ ಬಿಪಿ ನೋಡಿಸಿ, ಡಾಕ್ಟರು ಹೇಳಿದ ಹಾಗೆ ಮತ್ತೆ ಶುರು ಮಾಡಲಿ. ನೀರು ತಾಗದ ಡಬ್ಬಿಯಲ್ಲಿ ಬೋಟಿಗೆ ಬೇಕಾದಷ್ಟು, ಮೇಲೆ ಐದಾರು ದಿನದ್ದು ಜಾಸ್ತಿ ಹಾಕಿ ಕೊಡಿ. ಬೋಟು ಹೇಳಿದ ದಿನಕ್ಕೆ ಬರುವುದಿಲ್ಲ ಅಂತ ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಬಿಪಿ ನೋಡಿಸುವಾಗ ಮೆಟ್ಟಿಲು ಹತ್ತಿ ಬಂದ ಕೂಡಲೇ ಕೈ ಚಾಚಬಾರದು. ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಕೂತು, ಕೈ ಎದೆಯ ಮಟ್ಟದಲ್ಲಿಟ್ಟು, ಮಾತಾಡದೆ ನೋಡಿಸಬೇಕು. ಅದಕ್ಕೆ ಮೊದಲಿನ ಅರ್ಧ ಗಂಟೆಯಲ್ಲಿ ಚಹಾ, ಬೀಡಿ ಬೇಡ. ಕ್ಲಿನಿಕ್ಕಿನಲ್ಲಿ ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಮೇಲೆ, ಮನೆಯಲ್ಲಿ 135/85 ಅಥವಾ ಮೇಲೆ ಬಂದರೆ ಅದು ಬಿಪಿ ಕಾಯಿಲೆ.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಹೆಚ್ಚೆಂದರೆ ಒಂದು ಸಣ್ಣ ಚಮಚ, ಎಲ್ಲಾ ಸೇರಿ. ಒಣಮೀನು, ಉಪ್ಪುಸೊಳೆ, ಮಿಡಿ ಉಪ್ಪಿನಕಾಯಿ, ಹಪ್ಪಳ, ಇವುಗಳಲ್ಲೇ ಆ ಚಮಚ ಮುಗಿದುಹೋಗುತ್ತದೆ. ಒಣಮೀನು ಬಿಡಿ ಅಂತ ಮಲ್ಪೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ವಾರಕ್ಕೊಮ್ಮೆಗೆ ಇಳಿಸಿ, ನೆನೆಸಿ ಎರಡು ನೀರಲ್ಲಿ ತೊಳೆದು ಮಾಡಿ, ಆ ದಿನ ಸಾರಿಗೆ ಉಪ್ಪು ಹಾಕಬೇಡಿ.

ಪ್ರ: ಅತ್ತೆಗೆ ಶುಗರ್. ಕುಚ್ಚಲಕ್ಕಿ ಗಂಜಿ ಎಷ್ಟು ಉಂಡರೂ ಶುಗರ್ ಏರುವುದಿಲ್ಲ, ಬೆಳ್ತಿಗೆ (ಬಿಳಿ ಅಕ್ಕಿ) ಮಾತ್ರ ಬೇಡ ಅನ್ನುತ್ತಾರೆ. ನಿಜವಾ? (ಕಾರ್ಕಳ)

ಉ: ಅರ್ಧ ನಿಜ. ಕುಚ್ಚಲಕ್ಕಿಗೆ ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುವುದರಿಂದ ಹೊಟ್ಟಿನ ಬಳಿ ಇರುವ ಬಿ ವಿಟಮಿನ್ ಅಕ್ಕಿಯೊಳಗೆ ಇಳಿಯುತ್ತದೆ, ಪಿಷ್ಟವೂ ಸ್ವಲ್ಪ ಗಟ್ಟಿಯಾಗಿ ನಿಧಾನ ಜೀರ್ಣವಾಗುತ್ತದೆ. ಅದರ ಮೇಲಿನ ಕೆಂಪು ಉಳಿದಿದ್ದರೆ ನಾರೂ ಸಿಗುತ್ತದೆ. ಆದರೆ ಅಕ್ಕಿ ಅಕ್ಕಿಯೇ. 'ಎಷ್ಟು ಉಂಡರೂ' ಅನ್ನುವಲ್ಲೇ ಅತ್ತೆ ಜಾರಿದ್ದು. ಅದರಲ್ಲೂ ಮೆತ್ತಗೆ ಬೆಂದ ಗಂಜಿ ಬೇಗ ಇಳಿಯುತ್ತದೆ, ಎರಡನೇ ಬಟ್ಟಲು ಹೋದದ್ದೇ ಗೊತ್ತಾಗುವುದಿಲ್ಲ.

ವಾದ ಮಾಡಬೇಡಿ, ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಅದೇ ತೀರ್ಪು ಕೊಡಲಿ. ಒಂದು ದಿನ ಕುಚ್ಚಲಕ್ಕಿ, ಇನ್ನೊಂದು ದಿನ ಬೆಳ್ತಿಗೆ, ಅಷ್ಟೇ ಅಳತೆ, ಅದೇ ಪಲ್ಯ. ಉಣ್ಣಲು ಶುರು ಮಾಡಿ ಎರಡು ಗಂಟೆಗೆ ನೋಡಿ. ಮೂರನೇ ದಿನ ಕುಚ್ಚಲಕ್ಕಿಯನ್ನೇ ಅರ್ಧ ಮಾಡಿ, ಜೊತೆಗೆ ಹುರುಳಿ ಸಾರು, ಬಸಳೆ ಅಥವಾ ಬೂತಾಯಿ ಮೀನು ಜಾಸ್ತಿ ಹಾಕಿ ಕೊಟ್ಟು ನೋಡಿ. ಅತ್ತೆಯವರ ಕೈಯಲ್ಲೇ ನಂಬರ್ ಬರೆಸಿ.

ಪ್ರ: ಮೂರು ವರ್ಷದ ಮಗುವಿಗೆ ಭೇದಿ. ಓಆರ್‌ಎಸ್ ಕುಡಿಯುವುದಿಲ್ಲ. ಸಿಯಾಳ (ಎಳನೀರು) ಕೊಟ್ಟರೆ ಸಾಕಾ? (ಕಾಪು)

ಉ: ಸಿಯಾಳ ಕೊಡಬಹುದು, ಆದರೆ ಓಆರ್‌ಎಸ್ ಬದಲಿಗೆ ಅಲ್ಲ. ಭೇದಿಯಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಸಿಯಾಳದಲ್ಲಿ ಪೊಟಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಓಆರ್‌ಎಸ್ ಪ್ಯಾಕೆಟಿನಲ್ಲಿ ಒಂದು ಲೀಟರ್ ಅಂತ ಬರೆದಿದ್ದರೆ ಪೂರ್ತಿ ಪ್ಯಾಕೆಟ್ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು. ಲೋಟಕ್ಕೆ ಒಂದು ಚಿಟಿಕೆ ಅಂತ ಅಂದಾಜಿಗೆ ಮಾಡಬೇಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಅಂಗಡಿಯ ಸಿಹಿ ಜ್ಯೂಸ್ ಬೇಡ, ಸಕ್ಕರೆ ಭೇದಿಯನ್ನು ಜಾಸ್ತಿ ಮಾಡುತ್ತದೆ. ಊಟ ನಿಲ್ಲಿಸಬೇಡಿ. ಆರೋಗ್ಯ ಕೇಂದ್ರದಲ್ಲಿ ಸತುವಿನ (ಝಿಂಕ್) ಮಾತ್ರೆ ಕೊಟ್ಟರೆ ಭೇದಿ ನಿಂತರೂ 14 ದಿನ ಮುಗಿಸಿ. ಮಗು ಮಂಕಾದರೆ, ಕಣ್ಣು ಒಳಗೆ ಹೋದರೆ, ಆರು ಗಂಟೆ ಮೂತ್ರ ಮಾಡದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪ್ರ: ಬೀದಿ ನಾಯಿಮರಿ ಮಗನ ಕೈಗೆ ಪರಚಿದೆ. ಸ್ವಲ್ಪ ರಕ್ತ ಬಂತು. ಮರಿ ಅಲ್ವಾ, ಇಂಜೆಕ್ಷನ್ ಬೇಕಾ? (ಸುರತ್ಕಲ್)

ಉ: ಬೇಕು. ರೇಬೀಸ್‌ಗೆ ಮರಿ, ದೊಡ್ಡದು ಅಂತ ಭೇದ ಇಲ್ಲ. ಲಕ್ಷಣ ಶುರುವಾದ ಮೇಲೆ ಉಳಿಸುವ ಔಷಧಿಯೂ ಇಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಹಚ್ಚಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಉಚಿತ. ರಕ್ತ ಬಂದದ್ದರಿಂದ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇಂಜೆಕ್ಷನ್ ಕೂಡ ಬೇಕಾಗುತ್ತದೆ, ಕೇಳಿ ಪಡೆಯಿರಿ. ಚರ್ಮಕ್ಕೆ ಕೊಡುವ ಕ್ರಮದಲ್ಲಿ ಲಸಿಕೆ 0, 3, 7, 28ನೇ ದಿನ. ಮೊದಲನೆಯದನ್ನು ಕೊಟ್ಟ ದಿನವೇ ಸೊನ್ನೆ. 28ನೇ ದಿನದ್ದನ್ನು ಮರೆಯುವವರೇ ಜಾಸ್ತಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಪ್ರ: ಏನಾದರೂ ದೊಡ್ಡ ಆಸ್ಪತ್ರೆಗೇ ನೇರ ಹೋಗುವುದು ಒಳ್ಳೆಯದಲ್ವಾ? ಆಯುಷ್ಮಾನ್ ಕಾರ್ಡ್ ಬೇರೆ ಇದೆ. (ಉಳ್ಳಾಲ)

ಉ: ಎದೆನೋವು, ಬಾಯಿ ಸೊಟ್ಟಗಾಗಿದೆ, ಅಪಘಾತ, ಉಸಿರಾಟದ ತೊಂದರೆ: ನೇರ ದೊಡ್ಡ ಆಸ್ಪತ್ರೆ, 108ಕ್ಕೆ ಫೋನ್ ಮಾಡಿ. ಉಳಿದದ್ದಕ್ಕೆ ಮೊದಲು ಹತ್ತಿರದ ಆರೋಗ್ಯ ಕೇಂದ್ರ ಅಥವಾ ನಿಮ್ಮನ್ನು ಗೊತ್ತಿರುವ ಡಾಕ್ಟರು. ನಿಮ್ಮ ಬಿಪಿ ಹೋದ ವರ್ಷ ಎಷ್ಟಿತ್ತು, ಯಾವ ಮಾತ್ರೆ ಆಗಿಬರುವುದಿಲ್ಲ ಅಂತ ಗೊತ್ತಿರುವುದು ಅವರಿಗೆ. ಇನ್ನು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಆದರೆ ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ಅಡ್ಮಿಟ್ ಆಗಿ ಬಿಲ್ ಬಂದ ಮೇಲೆ ಚೀಟಿಗಾಗಿ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್‌ಲಾಕ್‌ಗೆ ಓಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಚೀಟಿ ಮೊದಲು ಮಾಡಿಸಿ, ಕಾರ್ಡಿನ ಜೊತೆ ರೇಷನ್ ಕಾರ್ಡ್, ಆಧಾರ್ ಎರಡೂ ಇರಲಿ.